ಅಟ್ಟದಿಂದ ಇಳಿದ ರಟ್ಟಿನ ಪೆಟ್ಟಿಗೆಗಳು

ನವರಾತ್ರಿಗೆ ಹತ್ತು ದಿನ ಇರುವಾಗಲೇ ಗೊಂಬೆಗಳನ್ನು ಅಟ್ಟದಿಂದ ಇಳಿಸಿ ಬಿಸಿಲು ತೋರಿಸುವುದು ನಮ್ಮ ಮನೆಯ ರೂಢಿ. ಹೋದ ವರ್ಷ ಏಣಿ ಹತ್ತಿ ಮೊದಲ ಪೆಟ್ಟಿಗೆಯನ್ನು ಎತ್ತಿದೆ. ಮೇಲಿನ ಅರ್ಧ ಮಾತ್ರ ಕೈಗೆ ಬಂತು, ತಳ ಅಲ್ಲೇ ಉಳಿಯಿತು. ಒಣಮಣ್ಣು ಸುರಿದು ಕಣ್ಣು, ಬಾಯಿ ತುಂಬಿದವು. ಕೆಳಗೆ ಏಣಿ ಹಿಡಿದುಕೊಂಡಿದ್ದ ಅಮ್ಮ, "ಏನಾಯಿತೇ?" ಎಂದಳು. ಗೆದ್ದಲು ಎನ್ನಲು ನನಗೆ ಬಾಯಿಯೇ ಬರಲಿಲ್ಲ. ಅದು ಪಟ್ಟದ ಗೊಂಬೆಗಳ ಪೆಟ್ಟಿಗೆಯಾಗಿತ್ತು.

ಅಮ್ಮನ ಮದುವೆಯಲ್ಲಿ ಅಜ್ಜಿ ಕೊಟ್ಟ ರಾಜ, ರಾಣಿ. ರಕ್ತಚಂದನದ ಮರದಲ್ಲಿ ಕಡೆದವು. ಅಮ್ಮ ಮೈಸೂರಿನಿಂದ ಬೆಂಗಳೂರಿಗೆ ಬಂದಾಗ ಮಡಿಲಲ್ಲಿ ಇಟ್ಟುಕೊಂಡು ರೈಲಿನಲ್ಲಿ ತಂದವು. ನಡುಗುವ ಕೈಯಲ್ಲಿ ಅವನ್ನು ಕೆಳಗಿಳಿಸಿ ಹಜಾರದ ನೆಲದ ಮೇಲೆ ಮಲಗಿಸಿದೆ. ಸುತ್ತಿದ್ದ ಅಪ್ಪನ ಹಳೆಯ ಹತ್ತಿ ಪಂಚೆ ಜರಡಿಯಂತೆ ತೂತುಬಿದ್ದು, ಮುಟ್ಟಿದರೆ ಪುಡಿಯಾಗುತ್ತಿತ್ತು. ಒಳಗೆ ರಾಣಿಯ ರೇಷ್ಮೆ ಸೀರೆಗೆ ಮಣ್ಣು ಮೆತ್ತಿತ್ತೇ ಹೊರತು ಒಂದು ಎಳೆಯೂ ಹೋಗಿರಲಿಲ್ಲ. ಗೆದ್ದಲಿಗೆ ಬೇಕಾದದ್ದು ಮರದ ನಾರು, ಹತ್ತಿಯ ನಾರು, ಕಾಗದದ ನಾರು. ರೇಷ್ಮೆ ಅದರ ಆಹಾರವಲ್ಲ. ರಕ್ತಚಂದನದ ಗಟ್ಟಿ ಕೆಂಪು ತಿರುಳೂ ಅದಕ್ಕೆ ಸುಲಭದ ತುತ್ತಲ್ಲ. ಗೊಂಬೆಗಳು ಉಳಿದದ್ದು ಹೀಗೆ. ಅಮ್ಮ ಸೆರಗಿನಿಂದ ರಾಜನ ಮುಖ ಒರೆಸಿ, ಮೂಗು ನೆಟ್ಟಗಿದೆಯೇ ಎಂದು ಬೆರಳಿನಿಂದ ಸವರಿ ನೋಡಿ, ಆಮೇಲೆ ಕುಳಿತಳು.

ಪೆಟ್ಟಿಗೆಯ ಒಂದು ಮಗ್ಗುಲಲ್ಲಿ ಅಪ್ಪನ ಅಕ್ಷರ: "ಪಟ್ಟದ ಗೊಂಬೆ. ಜೋಪಾನ." ಅಪ್ಪ ಹೋಗಿ ಹನ್ನೊಂದು ವರ್ಷವಾಯಿತು. ಗೆದ್ದಲು ಆ ಬರಹದ ಅಂಚಿನವರೆಗೆ ಬಂದಿತ್ತು.

ಆ ದಿನವೇ ಅಟ್ಟದ ಮೇಲಿದ್ದದ್ದನ್ನೆಲ್ಲ ಇಳಿಸಿದೆವು. ಒಟ್ಟು 43 ಪೆಟ್ಟಿಗೆಗಳು. ಅವುಗಳಲ್ಲಿ ಗೊಂಬೆ ಇದ್ದದ್ದು ಒಂಬತ್ತರಲ್ಲಿ ಮಾತ್ರ, ಅದರಲ್ಲಿ ಮೂರನ್ನು ಗೆದ್ದಲು ತಿಂದಿತ್ತು. ಉಳಿದ 34 ಖಾಲಿ. ಮಿಕ್ಸಿಯ ಪೆಟ್ಟಿಗೆ ಇತ್ತು, ಆ ಮಿಕ್ಸಿ ಕೆಟ್ಟು ಹೋಗಿ ಎಂಟು ವರ್ಷವಾಗಿತ್ತು. ಮನೆಗೆ ಬಂದ ಮೊದಲ ಕಂಪ್ಯೂಟರಿನ ಪೆಟ್ಟಿಗೆ ಥರ್ಮಕೋಲ್ ಸಮೇತ ಇತ್ತು. ಟಿವಿಯ ಪೆಟ್ಟಿಗೆಯೊಳಗೆ ಕುಕ್ಕರಿನದು, ಕುಕ್ಕರಿನದರೊಳಗೆ ಇಸ್ತ್ರಿಪೆಟ್ಟಿಗೆಯದು, ಅದರೊಳಗೆ ನನ್ನ ಮೊದಲ ಮೊಬೈಲಿನದು, ಅದರ ತಳದಲ್ಲಿ ಮಡಿಸಿಟ್ಟ ಬಿಲ್ಲು. 2020ರ ಲಾಕ್‌ಡೌನಿನಲ್ಲಿ ಮನೆಬಾಗಿಲಿಗೆ ಬಂದ ಪೆಟ್ಟಿಗೆಗಳದ್ದೇ ಒಂದು ಗೋಡೆ. ಮೂರು ದಿನ ಬಾಲ್ಕನಿಯ ಬಿಸಿಲಿನಲ್ಲಿಟ್ಟು ಆಮೇಲೆ ಒಳಗೆ ತೆಗೆದುಕೊಳ್ಳುತ್ತಿದ್ದ ಕಾಲದವು.

ಅಮ್ಮ ಯಾವ ಪೆಟ್ಟಿಗೆಯನ್ನೂ ಸುಮ್ಮನೆ ಇಟ್ಟವಳಲ್ಲ. ಒಂದೊಂದಕ್ಕೂ ಕಾರಣವಿತ್ತು. ವಾರಂಟಿ ಮುಗಿಯುವ ತನಕ ಇರಲಿ. ಮನೆ ಬದಲಾಯಿಸುವಾಗ ಬೇಕು. ತಮ್ಮನಿಗೆ ಉಪ್ಪಿನಕಾಯಿ, ಸಂಡಿಗೆ ಕಳಿಸಲು ಬೇಕು. ಎಲ್ಲಕ್ಕಿಂತ ದೊಡ್ಡ ಕಾರಣ, ಗೊಂಬೆಯ ಮೆಟ್ಟಿಲು. ನಮ್ಮ ಮನೆಯಲ್ಲಿ ಮೆಟ್ಟಿಲು ಕಟ್ಟಲು ಮರದ ಚೌಕಟ್ಟು ಎಂದೂ ಇರಲಿಲ್ಲ. ಟ್ರಂಕು, ಡಬ್ಬ, ಪೆಟ್ಟಿಗೆಗಳನ್ನು ಅಳತೆ ನೋಡಿ ಜೋಡಿಸಿ, ಮೇಲೆ ಹಲಗೆ ಇಟ್ಟು, ಬಿಳಿ ಪಂಚೆ ಹಾಸಿದರೆ ಐದು ಮೆಟ್ಟಿಲು. ಯಾವ ಪೆಟ್ಟಿಗೆ ಎಷ್ಟು ಗೇಣು ಎತ್ತರ ಎನ್ನುವುದು ಅಮ್ಮನಿಗೆ ಬಾಯಿಪಾಠ.

ಅವಳ ಬಾಲ್ಯದ ಮೈಸೂರಿನಲ್ಲಿ ಇಂಥ ಪೆಟ್ಟಿಗೆ ಅಪರೂಪದ ವಸ್ತು. ಅಕ್ಕಿ, ಬೇಳೆ ಗೋಣಿಚೀಲದಲ್ಲಿ ಬರುತ್ತಿತ್ತು, ಎಣ್ಣೆ ತಗಡಿನ ಡಬ್ಬದಲ್ಲಿ, ಸಕ್ಕರೆ ಕಾಗದದ ಪೊಟ್ಟಣದಲ್ಲಿ. ಅಂದು ಗೊಂಬೆಗಳ ಮನೆ ಸೇಬು ತುಂಬಿ ಬರುತ್ತಿದ್ದ ಮರದ ಪೆಟ್ಟಿಗೆ. ಅಂಗಡಿಯವರಿಂದ ಕೇಳಿ ತಂದು, ಒಣಹುಲ್ಲು ಹಾಸಿ, ಮುಚ್ಚಳಕ್ಕೆ ಮೊಳೆ ಹೊಡೆಯುತ್ತಿದ್ದರಂತೆ. 1980ರ ದಶಕದಲ್ಲಿ ಹಿಮಾಚಲದ ಸೇಬು ಮರದ ಪೆಟ್ಟಿಗೆ ಬಿಟ್ಟು ರಟ್ಟಿನ ಪೆಟ್ಟಿಗೆಗೆ ಬಂತು. ಪ್ರತಿ ಬೆಳೆಗೂ ಪೆಟ್ಟಿಗೆಗಾಗಿ ಅಲ್ಲಿನ ಕಾಡು ಕಡಿಯುವುದನ್ನು ತಪ್ಪಿಸುವುದು ಅದರ ಉದ್ದೇಶ. ಆ ಬದಲಾವಣೆ ನಮ್ಮ ಅಟ್ಟಕ್ಕೂ ಬಂದು ತಲುಪಿತು. ಮರದ ಪೆಟ್ಟಿಗೆಗಳು ಒಂದೊಂದಾಗಿ ಬಚ್ಚಲೊಲೆಗೆ ಹೋದವು, ಅವುಗಳ ಜಾಗಕ್ಕೆ ರಟ್ಟು ಬಂತು. ಇಟ್ಟುಕೊಳ್ಳುವ ಅಭ್ಯಾಸ ಮಾತ್ರ ಮರದ ಕಾಲದ್ದೇ ಉಳಿಯಿತು.

ಅಂದು ಹಜಾರದ ತುಂಬ ಪೆಟ್ಟಿಗೆ ಹರಡಿಕೊಂಡು ಕುಳಿತಾಗ ನನಗೆ ಹೊಳೆದದ್ದು ಇದು. ಮರದ ಪೆಟ್ಟಿಗೆಯನ್ನು ಮೂವತ್ತು ವರ್ಷ ಇಟ್ಟುಕೊಳ್ಳುವುದು ಮಿತವ್ಯಯ. ರಟ್ಟಿನ ಪೆಟ್ಟಿಗೆಯ ಲೆಕ್ಕ ಬೇರೆ. ಅದು ಗಟ್ಟಿಯಾಗಿ, ಒಣಗಿ, ಚೊಕ್ಕಟವಾಗಿ ಇರುವಾಗ ಕೈಬಿಟ್ಟರೆ ಮತ್ತೆ ಪೆಟ್ಟಿಗೆಯಾಗುತ್ತದೆ. ಅಟ್ಟದ ಕತ್ತಲಲ್ಲಿ ಕಾಪಾಡಿದರೆ ಜಿರಳೆಗೆ, ಗೆದ್ದಲಿಗೆ, ತೇವಕ್ಕೆ ಹೋಗುತ್ತದೆ. ಪದರಗಳನ್ನು ಅಂಟಿಸುವುದೇ ಗಂಜಿಯಿಂದ, ಮೆಕ್ಕೆಜೋಳದ ಪಿಷ್ಟದ ಗಂಜಿಯಿಂದ. ನಾವು ಇಟ್ಟುಕೊಂಡದ್ದು ಹುಳುಗಳಿಗೆ ಗಂಜಿ ಸಮೇತ ಊಟ. ಅಮ್ಮನ ಜೋಪಾನವನ್ನು ನಾನು ತಪ್ಪೆನ್ನಲಾರೆ, ಆ ಜೋಪಾನದಿಂದಲೇ ನಾವು ಓದಿ ದೊಡ್ಡವರಾದೆವು. ಆದರೆ ರಟ್ಟಿನ ವಿಷಯದಲ್ಲಿ ಜೋಪಾನವೆಂದರೆ ಸಮಯಕ್ಕೆ ಸರಿಯಾಗಿ ಕೊಟ್ಟುಬಿಡುವುದು. ಇದನ್ನು ಅವಳಿಗೆ ಹೇಗೆ ಹೇಳುವುದು ಎಂದು ನಾನು ಯೋಚಿಸುತ್ತಿದ್ದೆ. ತಿಂದುಹೋದ ಪೆಟ್ಟಿಗೆಯ ಕಡೆಗೆ ನೋಡುತ್ತ ಅವಳೇ ಹೇಳಿದಳು: "ಖಾಲಿ ಇರುವುದನ್ನೆಲ್ಲ ಕೊಟ್ಟುಬಿಡು. ಮೆಟ್ಟಿಲಿಗೆ ಆರು ಸಾಕು."

ನಾನು ಮೊದಲ ಪೆಟ್ಟಿಗೆಯನ್ನು ಅಡ್ಡ ಮಲಗಿಸಿ, ಚಪ್ಪಟೆ ಮಾಡಲು ಕಾಲೆತ್ತಿದೆ. "ತುಳಿಯಬೇಡ!" ಎಂದಳು ಅಮ್ಮ. ದನಿ ಎಷ್ಟು ಜೋರಾಗಿತ್ತೆಂದರೆ ನಾನು ಒಂಟಿ ಕಾಲಿನ ಮೇಲೆಯೇ ನಿಂತೆ. ಕಾಗದಕ್ಕೆ ಕಾಲು ತಗಲಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವ ಮನೆ ನಮ್ಮದು. ಅದು ಸರಸ್ವತಿ. ಮೇಲಾಗಿ ಸರಸ್ವತಿ ಪೂಜೆ ಎದುರಿಗಿದೆ. "ಇದು ರಟ್ಟಮ್ಮ, ಪುಸ್ತಕವಲ್ಲ" ಎಂದೆ. "ರಟ್ಟು ಯಾವುದರಿಂದ ಆಗಿದೆ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಆ ಮೇಲೆ ಅವಳೇ ಹತ್ತಿರ ಎಳೆದುಕೊಂಡಳು. ಈರುಳ್ಳಿ ಹೆಚ್ಚುವ ಚಾಕುವಿನ ತುದಿಯನ್ನು ತಳದ ಟೇಪಿನ ಉದ್ದಕ್ಕೂ ಎಳೆದಳು. ಕೆಳಗಿನ ನಾಲ್ಕು ರೆಕ್ಕೆಗಳು ಸಡಿಲವಾದವು. ಟೇಪಿನ ಒಂದು ತುದಿಯನ್ನು ಉಗುರಿನಿಂದ ಎಬ್ಬಿಸಿ, ಬಾಳೆಯ ನಾರು ಸುಲಿಯುವಂತೆ ನಿಧಾನವಾಗಿ, ಓರೆಯಾಗಿ ಎಳೆದಳು. ಬೇಗ ಎಳೆದರೆ ರಟ್ಟಿನ ಮೇಲಿನ ಪದರವೂ ಕಿತ್ತು ಬರುತ್ತದೆ. ಪಿನ್ನುಗಳನ್ನು ಚಾಕುವಿನಿಂದಲೇ ಮೀಟಿ ತೆಗೆದು ಒಂದು ತಟ್ಟೆಯಲ್ಲಿ ಹಾಕಿದಳು. ಆಮೇಲೆ ಎದುರುಬದುರು ಮೂಲೆಗಳನ್ನು ಎರಡೂ ಅಂಗೈಯಿಂದ ಒಂದಕ್ಕೊಂದು ತಳ್ಳಿದಳು. ಪೆಟ್ಟಿಗೆ ಉಸಿರು ಬಿಟ್ಟಂತೆ ಸದ್ದು ಮಾಡಿ ತಾನೇ ಮಲಗಿತು. ಕಾರ್ಖಾನೆಯಿಂದ ಅದು ಹೊರಟದ್ದು ಹಾಗೆಯೇ, ಚಪ್ಪಟೆಯಾಗಿ. ಮಡಿಕೆಯ ಗೆರೆಗಳು ಅದರ ಮೈಯಲ್ಲೇ ಇವೆ. ತುಳಿಯುವ ಅಗತ್ಯವೇ ಇರಲಿಲ್ಲ.

ಒಂದು ಪೆಟ್ಟಿಗೆಯ ಹರಿದ ಅಂಚನ್ನು ನಾನು ಕಣ್ಣಿನ ಹತ್ತಿರ ಹಿಡಿದು ನೋಡಿದೆ. ಎರಡು ಚಪ್ಪಟೆ ಹಾಳೆ, ನಡುವೆ ಅಲೆಅಲೆಯಾಗಿ ಬಾಗಿದ ಒಂದು ಹಾಳೆ. ಪೆಟ್ಟಿಗೆ ಮಾಡುವವರು ಇದನ್ನು ಮೂರು ಪ್ಲೈ ಎನ್ನುತ್ತಾರೆ, ಇನ್ನೊಂದು ಅಲೆ, ಇನ್ನೊಂದು ಚಪ್ಪಟೆ ಹಾಳೆ ಸೇರಿದರೆ ಐದು ಪ್ಲೈ. ನಮ್ಮ ಟಿವಿಯದು ಐದು, ಉಳಿದವು ಹೆಚ್ಚಾಗಿ ಮೂರು. ಅಲೆಯ ಒಂದೊಂದು ಬಾಗೂ ಪುಟ್ಟ ಕಮಾನು. ಪೆಟ್ಟಿಗೆಯ ಗೋಡೆಯಲ್ಲಿ ಈ ಅಲೆಗಳು ಕಂಬಗಳಂತೆ ನೆಟ್ಟಗೆ ನಿಲ್ಲುವುದರಿಂದಲೇ ಒಂದರ ಮೇಲೊಂದು ಹೇರಿದರೂ ತಡೆಯುತ್ತವೆ. ಅಮ್ಮನ ಐದು ಮೆಟ್ಟಿಲು ಇಷ್ಟು ವರ್ಷ ನಿಂತದ್ದೂ ಇವುಗಳ ಮೇಲೆ. ಅಲೆಯಾಗಿಸಿದ ಕಾಗದ ಮೊದಲು ಬಳಕೆಯಾದದ್ದು ಇಂಗ್ಲೆಂಡಿನಲ್ಲಿ, 1856ರಲ್ಲಿ, ಗಂಡಸರ ಎತ್ತರದ ಟೋಪಿಯ ಒಳಗೆ ಆಕಾರ ಉಳಿಯಲೆಂದು. 1871ರಲ್ಲಿ ನ್ಯೂಯಾರ್ಕಿನ ಆಲ್ಬರ್ಟ್ ಜೋನ್ಸ್ ಬಾಟಲಿ, ದೀಪದ ಗಾಜಿನ ಚಿಮಣಿ ಒಡೆಯದಂತೆ ಸುತ್ತಲು ಅದಕ್ಕೆ ಪೇಟೆಂಟ್ ಪಡೆದರು. ಮಣ್ಣಿನ ಗೊಂಬೆಗಳನ್ನು ಇದರಲ್ಲಿ ಸುತ್ತಿಟ್ಟ ನಮ್ಮವರು ಅದೇ ಕೆಲಸವನ್ನು ಮುಂದುವರಿಸಿದರು ಎನ್ನಬೇಕು.

ಆಚೆಯ ಕಂದು ಹಾಳೆಯ ಹೆಸರು ಕ್ರಾಫ್ಟ್. ಜರ್ಮನ್ ಭಾಷೆಯಲ್ಲಿ ಬಲ ಎಂದು ಅರ್ಥ. ಉದ್ದ ನಾರಿನ ಮರದಿಂದ ಮಾಡಿದರೆ ಅದಕ್ಕೆ ಬಲ ಹೆಚ್ಚು. ನಮ್ಮ ದೇಶದ ಪೆಟ್ಟಿಗೆಗಳ ಕಂದು ಕಾಗದ ಬಹುಪಾಲು ಹಳೆಯ ರಟ್ಟಿನಿಂದಲೇ ಹುಟ್ಟುವಂಥದ್ದು. ಪ್ರತಿ ಸಲ ಕಲಸಿ ತೆಗೆದಾಗಲೂ ನಾರು ಸ್ವಲ್ಪ ಸ್ವಲ್ಪ ಚಿಕ್ಕದಾಗುತ್ತ ಹೋಗುತ್ತದೆ. ಐದರಿಂದ ಏಳು ಸಲ ಬಾಳುತ್ತದೆ ಎನ್ನುವುದು ಸಾಮಾನ್ಯ ಲೆಕ್ಕ. ಆದ್ದರಿಂದ ಗಿರಣಿಗಳು ಹೊರದೇಶದ ಹಳೆಯ ಪೆಟ್ಟಿಗೆಗಳನ್ನು ಹಡಗಿನಲ್ಲಿ ತರಿಸಿ, ಅವುಗಳ ಉದ್ದ ನಾರನ್ನು ನಮ್ಮದರ ಜೊತೆ ಬೆರೆಸುತ್ತವೆ. ಅಮೆರಿಕದ ಮನೆಯೊಂದರ ಕಸ ಸಮುದ್ರ ದಾಟಿ ಬರುವಾಗ, ನಮ್ಮ ಮನೆಯ ಒಳ್ಳೆಯ ರಟ್ಟು ಅಟ್ಟದಲ್ಲಿ ಗೆದ್ದಲಿಗೆ ಹೋಗುತ್ತಿತ್ತು. ನನಗೆ ನಿಜವಾಗಿ ನೋವಾದದ್ದು ಇದಕ್ಕೆ.

ಎರಡು ವರ್ಷದ ಹಿಂದೆ ನಾನು ಮಾಡಿದ ತಪ್ಪೊಂದನ್ನು ಇಲ್ಲೇ ಹೇಳಬೇಕು. ಏಳೆಂಟು ಪೆಟ್ಟಿಗೆಗಳನ್ನು ರಾತ್ರಿ ಗೇಟಿನ ಹೊರಗೆ ಇಟ್ಟಿದ್ದೆ, ಬೆಳಿಗ್ಗೆ ಒಣ ಕಸದ ದಿನ ಎಂದು. ನಡುರಾತ್ರಿ ಮಳೆ ಬಂತು. ಬೆಳಿಗ್ಗೆ ಗಾಡಿಯ ಜೊತೆ ಬಂದ ಹೆಂಗಸು ಒಂದನ್ನು ಎತ್ತಲು ಹೋದರೆ ಅದು ನೆನೆದ ದೋಸೆಯಂತೆ ಕೈಯಲ್ಲಿ ಹರಿಯಿತು. ಬೈಯಲಿಲ್ಲ. "ಅಮ್ಮ, ನಿನ್ನೆ ಇದು ರಟ್ಟು, ಇವತ್ತು ಬರೀ ಕಸ. ನನಗೂ ಇದರಲ್ಲಿ ಏನೂ ಇಲ್ಲ" ಎಂದು ಹಸಿ ಕಸದ ಕಡೆಗೆ ಎಸೆದರು. ಒಣ ಕಸದಲ್ಲಿ ಸಿಕ್ಕ ರಟ್ಟು, ಬಾಟಲಿ ಮಾರಿ ಬರುವ ದುಡ್ಡು ಆ ಕೆಲಸ ಮಾಡುವವರ ಪಾಲಿಗೆ ದಿನದ ಸಂಪಾದನೆ ಎನ್ನುವುದು ನನಗೆ ಅಂದು ತಟ್ಟಿತು. ನೀರು ಕುಡಿದ ರಟ್ಟನ್ನು ಗೋದಾಮಿನವರು ಕೊಂಡರೂ ತೂಕದಲ್ಲಿ ಮುರಿದುಕೊಳ್ಳುತ್ತಾರೆ, ಬೂಸಲು ಬಂದಿದ್ದರೆ ಮುಟ್ಟುವುದೂ ಇಲ್ಲ. ರಾತ್ರಿ ಹೊರಗಿಡುವ ಬದಲು ಬೆಳಿಗ್ಗೆ ಕೈಗೆ ಕೊಟ್ಟಿದ್ದರೆ ಆಗುತ್ತಿತ್ತು. ನನ್ನ ಐದು ನಿಮಿಷದ ಸೋಮಾರಿತನಕ್ಕೆ ಇನ್ನೊಬ್ಬರ ಕೂಲಿ ಹೋಯಿತು.

ಬೆಂಗಳೂರಿನಲ್ಲಿ ಇರುವವರಿಗೆ ಈ ಮಾತು ಚಿಕ್ಕದಲ್ಲ. 2012ರಲ್ಲಿ, ನಗರದ ಕಸ ಸುರಿಯುವ ಜಾಗವಾಗಿದ್ದ ಮಾವಳ್ಳಿಪುರದ ಜನ ನಮ್ಮ ಕಸ ಇನ್ನು ಸಾಕು ಎಂದಾಗ ಬೀದಿಬೀದಿಯಲ್ಲಿ ರಾಶಿ ಬಿದ್ದದ್ದು ನೆನಪಿದೆ. ಆ ಮೇಲೆ ಮಂಡೂರಿನವರು ಅನುಭವಿಸಿದರು. 2014ರಲ್ಲಿ ಅಲ್ಲಿಯೂ ಲಾರಿಗಳು ನಿಂತವು. ಕಸ ಬೇರ್ಪಡಿಸಿ ಕೊಡಿ ಎಂದು ಹೈಕೋರ್ಟ್ ಹೇಳಿದ್ದು, ವಾರ್ಡುಗಳಲ್ಲಿ ಒಣ ಕಸ ಸಂಗ್ರಹಣಾ ಕೇಂದ್ರಗಳು ಬಂದದ್ದು, ಚಿಂದಿ ಆಯುವವರಿಗೆ ಪಾಲಿಕೆಯ ಗುರುತಿನ ಚೀಟಿ ಸಿಕ್ಕಿದ್ದು ಎಲ್ಲವೂ ಆ ಆಸುಪಾಸಿನ ವರ್ಷಗಳಲ್ಲೇ. 2016ರ ಘನತ್ಯಾಜ್ಯ ನಿಯಮಗಳು ಹಸಿ, ಒಣ, ಹಾನಿಕಾರಕ ಎಂದು ಮೂರಾಗಿ ಕೊಡುವುದನ್ನು ದೇಶದ ಎಲ್ಲರ ಕರ್ತವ್ಯವಾಗಿಸಿದವು. ನಿಯಮ ಬಂದು ಇಷ್ಟು ವರ್ಷವಾದರೂ ನಮ್ಮ ಬೀದಿಯಲ್ಲಿ ಸಾಂಬಾರು ಚೆಲ್ಲಿದ ಪೆಟ್ಟಿಗೆ ದಿನವೂ ಕಾಣುತ್ತದೆ.

ಅಮ್ಮ ಮತ್ತು ನಾನು ಮಧ್ಯಾಹ್ನದವರೆಗೆ ಟೇಪು ಸುಲಿದೆವು. ಎಣ್ಣೆ ಹೀರಿದ ಸಿಹಿತಿಂಡಿಯ ಡಬ್ಬ, ಮೇಲೆ ಪ್ಲಾಸ್ಟಿಕ್ ಹೊಳಪು ಹಚ್ಚಿದ ಮೊಬೈಲಿನ ಡಬ್ಬ, ಥರ್ಮಕೋಲ್ ಎಲ್ಲವನ್ನೂ ಬೇರೆ ಇಟ್ಟೆವು. ಥರ್ಮಕೋಲನ್ನು ಯಾರೂ ಕೊಳ್ಳಲಿಲ್ಲ, ಅದು ಇವತ್ತಿಗೂ ನಮ್ಮ ಮನೆಯಲ್ಲೇ ಇದೆ.

ನಾಲ್ಕು ಗಂಟೆಗೆ ಗುಜರಿಯವರು ತಳ್ಳುಗಾಡಿ ತಂದರು. ಹದಿನೈದು ವರ್ಷದಿಂದ ನಮ್ಮ ಬೀದಿಗೆ ಬರುವವರು. ರಾಶಿ ನೋಡಿ ಒಂದು ಪೆಟ್ಟಿಗೆಯನ್ನು ಎತ್ತಿ, ಟೇಪು ಇದ್ದ ಜಾಗದ ಮೇಲೆ ಹೆಬ್ಬೆರಳು ಆಡಿಸಿದರು. "ಯಾರಮ್ಮ ಸುಲಿದದ್ದು?" ಎಂದರು. ಅಮ್ಮ "ನಾನೇ" ಎಂದಳು. ಅವರು ಹುರಿಯಿಂದ ಎರಡು ಕಟ್ಟು ಕಟ್ಟಿ, ಕೊಕ್ಕೆಯ ತಕ್ಕಡಿಗೆ ನೇತುಹಾಕಿ, ಅಂಕಿ ನಿಲ್ಲುವ ತನಕ ಕಾದು ಅಮ್ಮನ ಕಡೆಗೆ ತಿರುಗಿಸಿ ತೋರಿಸಿದರು. ಎರಡೂ ಸೇರಿ 19 ಕಿಲೋ. ಕಿಲೋಗೆ 9 ರೂಪಾಯಿಯಂತೆ 171.

"ಇದೆಲ್ಲ ಎಲ್ಲಿಗೆ ಹೋಗುತ್ತದಣ್ಣ?" ಎಂದು ನಾನು ಕೇಳಿದೆ. ಹದಿನೈದು ವರ್ಷದಲ್ಲಿ ಮೊದಲ ಸಲ ಕೇಳಿದ್ದು. ಮೊದಲು ಕೆ.ಆರ್. ಮಾರುಕಟ್ಟೆ ಹತ್ತಿರದ ಜಾಲಿ ಮೊಹಲ್ಲಾದ ಗೋದಾಮಿಗೆ, ಅಲ್ಲಿ ಒತ್ತಿ ದೊಡ್ಡ ಮೂಟೆ ಮಾಡುತ್ತಾರೆ, ಅಲ್ಲಿಂದ ಲಾರಿಯಲ್ಲಿ ಗಿರಣಿಗೆ, "ತಮಿಳುನಾಡಿಗೆ ಹೋಗುತ್ತದೆ, ನಂಜನಗೂಡಿನ ಕಡೆಗೂ ಹೋಗುತ್ತದೆ" ಎಂದರು.

ನಂಜನಗೂಡು ಎಂದೊಡನೆ ಅಮ್ಮನ ಮುಖ ಬೆಳಗಿತು. ಅವಳ ಮನೆದೇವರು ನಂಜುಂಡೇಶ್ವರ. ಅಲ್ಲಿ ರದ್ದಿಯಿಂದ ಕಂದು ಕಾಗದ ಮಾಡುವ ಕಾರ್ಖಾನೆ ಇರುವುದು ನನಗೆ ಗೊತ್ತಿತ್ತು, ಅಮ್ಮನಿಗೆ ಹೇಳಿರಲಿಲ್ಲ. ಅಂದು ರಾತ್ರಿ ಊಟದ ಹೊತ್ತಿಗೆ ಅವಳು ಅದನ್ನೇ ಕೇಳುತ್ತ ಹೋದಳು. ಗಿರಣಿಯಲ್ಲಿ ಏನು ಮಾಡುತ್ತಾರೆ? ದೊಡ್ಡ ತೊಟ್ಟಿಯಲ್ಲಿ ನೀರು ತುಂಬಿ ರಟ್ಟನ್ನು ಸುರಿಯುತ್ತಾರೆ, ತಳದಲ್ಲಿ ಮಿಕ್ಸಿಯ ಬ್ಲೇಡಿನಂಥದ್ದು ತಿರುಗಿ ಅದನ್ನು ಗಂಜಿಯಂತೆ ಕಲಸುತ್ತದೆ ಎಂದೆ. ಟೇಪು, ದಾರ, ತಂತಿ ಒಂದಕ್ಕೊಂದು ಸುತ್ತಿಕೊಂಡು ಹಗ್ಗವಾಗುತ್ತವೆ, ಆ ಹಗ್ಗವನ್ನು ಮೇಲಕ್ಕೆ ಎಳೆಯುತ್ತಲೇ ಇರುತ್ತಾರೆ. ಜರಡಿಯಲ್ಲಿ ಸೋಸಿ, ಸಣ್ಣ ಕಣ್ಣಿನ ಜಾಲರಿಯ ಮೇಲೆ ತೆಳ್ಳಗೆ ಹರಡಿ, ಹಿಂಡಿ, ಹಬೆಯಿಂದ ಬಿಸಿಯಾದ ಉರುಳೆಗಳ ಮೇಲೆ ಹಾಯಿಸಿದರೆ ಕಾಗದ. "ಅಂದರೆ ಸಂಡಿಗೆ ಹಿಟ್ಟು ಕೂಡಿಸಿ ಒಣಹಾಕಿದ ಹಾಗೆ" ಎಂದಳು ಅಮ್ಮ. ಇದಕ್ಕಿಂತ ಚೆನ್ನಾಗಿ ನಾನು ವಿವರಿಸಲಾರೆ. ನಮ್ಮ ಗೇಟಿನ ಹೊರಗೆ ರಟ್ಟನ್ನು ಕೆಡಿಸಿದ ನೀರೇ ಅಲ್ಲಿ ಅದರ ನಾರುಗಳನ್ನು ಬಿಡಿಸಿ, ಒಣಗುವಾಗ ಮತ್ತೆ ಒಂದಕ್ಕೊಂದು ಹೆಣೆಯುತ್ತದೆ.

ಉಳಿದದ್ದು ಗೆದ್ದಲು ತಿಂದ ಮೂರು ಪೆಟ್ಟಿಗೆ. ಅವನ್ನು ಗುಜರಿಯವರು ಕೊಳ್ಳುವಂತಿರಲಿಲ್ಲ. ಅಟ್ಟಕ್ಕೆ ಗೆದ್ದಲಿನ ಔಷಧಿ ಹೊಡೆಯುವವರನ್ನು ಕರೆಯುವ ಮುಂಚೆಯೇ ಅವನ್ನು ತಾರಸಿಗೆ ಒಯ್ದು ನಾಲ್ಕು ದಿನ ಬಿರುಬಿಸಿಲಿನಲ್ಲಿ ಒಣಗಿಸಿದೆವು. ಔಷಧಿ ತಗಲಿದರೆ ಆಮೇಲೆ ಮಣ್ಣಿಗೂ ಹಾಕುವಂತಿರಲಿಲ್ಲ. ನಮ್ಮ ಕಾಂಪೋಸ್ಟ್ ಮಡಕೆಯಲ್ಲಿ ತರಕಾರಿ ಸಿಪ್ಪೆ ಸದಾ ಹೆಚ್ಚಿ ನೀರಾಡುತ್ತದೆ, ಒಣ ಪದಾರ್ಥ ಸಾಲುವುದಿಲ್ಲ. ಚೂರು ಮಾಡಿದ ರಟ್ಟು ಆ ನೀರನ್ನು ಹೀರಿ, ನಡುವೆ ಗಾಳಿಯಾಡಲು ಜಾಗ ಕೊಡುತ್ತದೆ.

ಅಪ್ಪನ ಅಕ್ಷರವಿದ್ದ ಮಗ್ಗುಲನ್ನು ನಾನು ಬೇರೆ ತೆಗೆದಿಟ್ಟಿದ್ದೆ. ಅಮ್ಮ ಅದನ್ನು ಕೇಳಿ ತೆಗೆದುಕೊಂಡಳು. ಸ್ವಲ್ಪ ಹೊತ್ತು ಮಡಿಲ ಮೇಲೆ ಇಟ್ಟುಕೊಂಡಳು. ಆಮೇಲೆ ಅಲೆಗಳ ಉದ್ದಕ್ಕೆ ಬೆರಳಗಲ ಪಟ್ಟಿ ಪಟ್ಟಿಯಾಗಿ ಹರಿಯತೊಡಗಿದಳು. "ಇಟ್ಟುಕೊಳ್ಳೋಣ ಅಂದುಕೊಂಡಿದ್ದೆ" ಎಂದೆ. "ಹುಳ ಹಿಡಿದದ್ದನ್ನು ಮನೆಯೊಳಗೆ ಇಡಬಾರದು. ಜೋಪಾನ ಅಂತ ಬರೆದಿದ್ದು ಗೊಂಬೆಯನ್ನು, ಡಬ್ಬವನ್ನಲ್ಲ" ಎಂದಳು. ರಾಜ, ರಾಣಿಯನ್ನು ಈಗ ತಗಡಿನ ಟ್ರಂಕಿನಲ್ಲಿ ಇಟ್ಟಿದ್ದೇವೆ. ಅದರ ಮುಚ್ಚಳದ ಮೇಲೆ ಅಮ್ಮ ತಾನೇ ಬರೆದಿದ್ದಾಳೆ, ಅದೇ ಎರಡು ಮಾತು.

ದಸರೆ ಮುಗಿಯಿತು. ಮೆಟ್ಟಿಲಿಗೆ ಇಟ್ಟುಕೊಂಡಿದ್ದ ಆರು ಪೆಟ್ಟಿಗೆಯಲ್ಲಿ ನಾಲ್ಕು ಗುಜರಿಗೆ ಹೋದವು, ಎರಡು ತಮ್ಮನ ಊರಿಗೆ ಕೋಡುಬಳೆ ಹೊತ್ತು ಹೋದವು. ಮಡಕೆಯನ್ನು ನಾನು ವಾರಕ್ಕೊಮ್ಮೆ ತಿರುವಿ ಹಾಕುತ್ತಿದ್ದೆ. ಮೊದಲ ವಾರ "ಗೊಂ" ಇನ್ನೂ ಕಾಣುತ್ತಿತ್ತು, ಬಾಳೆಹಣ್ಣಿನ ಸಿಪ್ಪೆಯ ಪಕ್ಕದಲ್ಲಿ. ಮೂರನೆಯ ವಾರಕ್ಕೆ ಪಟ್ಟಿಗಳು ಮೆತ್ತಗಾಗಿ ಬಣ್ಣಗೆಟ್ಟಿದ್ದವು. ಸಂಕ್ರಾಂತಿಯ ಹಿಂದಿನ ದಿನ ಮಡಕೆ ಬರಿದು ಮಾಡಿ ಕರಿಬೇವಿನ ಗಿಡಕ್ಕೆ ಹಾಕಲು ಜರಡಿ ಹಿಡಿದೆವು. ರಟ್ಟಿನ ಗುರುತೇ ಇರಲಿಲ್ಲ. ಜರಡಿಯಲ್ಲಿ ಉಳಿದದ್ದು ಎರಡು ಮಾವಿನ ಓಟೆ, ಒಂದು ತುಕ್ಕು ಹಿಡಿದ ಪಿನ್ನು. ಅಂದು ಸುಲಿಯುವಾಗ ನಮ್ಮ ಕಣ್ಣು ತಪ್ಪಿಸಿದ್ದು. ಅಮ್ಮ ಅದನ್ನು ಎತ್ತಿ, ಸೆರಗಿಗೆ ಒರೆಸಿ, ಕಬ್ಬಿಣದ ಚೂರುಗಳನ್ನು ಕೂಡಿಹಾಕುವ ಡಬ್ಬಕ್ಕೆ ಹಾಕಿದಳು.